ಮನೆಯಲ್ಲಿ ಇರಲೇಬೇಕಾದ ಹತ್ತು

ಮನುಷ್ಯ ತಾನಾಗಿ ಒಂದು ಪಟ್ಟಿ ಬರೆದು ಕೆಳಗೆ ಹೆಸರು ಹಾಕಿದರೆ, ಆಮೇಲೆ ನಡೆಯುವುದಕ್ಕೆಲ್ಲ ಅವನೇ ಹೊಣೆ. ನನಗೆ ಅದು ತಡವಾಗಿ ತಿಳಿಯಿತು.

ಬರ್ಮಿಂಗ್‌ಹ್ಯಾಮಿನ ಆಸ್ಪತ್ರೆಯೊಂದರಲ್ಲಿ ನಾನು ಅರಿವಳಿಕೆ ಕೊಡುವ ವೈದ್ಯ. ಎದುರಿಗಿರುವವರನ್ನು ಮಲಗಿಸುವುದೇ ಉದ್ಯೋಗವಾದ್ದರಿಂದ ಮಾತು ಅಭ್ಯಾಸವಾಗಿಲ್ಲ. ಹಾರ್ಬೋರ್ನ್‌ನ ನಮ್ಮ ಮನೆಯ ಮಹಡಿಯಲ್ಲಿ ಒಂದು ಚಿಕ್ಕ ಕೋಣೆ. ಅದರ ತುಂಬ ಜಾಝ್ ರೆಕಾರ್ಡುಗಳು. ಮಗಳು ಮ್ಯಾಂಚೆಸ್ಟರಿನ ವಿದನ್‌ಶಾ ಆಸ್ಪತ್ರೆಯಲ್ಲಿ ಜೂನಿಯರ್ ಡಾಕ್ಟರ್. ಆಗಸ್ಟಿನಿಂದ ಅವಳ ಕೆಲಸದ ಸರದಿ ಬರ್ಮಿಂಗ್‌ಹ್ಯಾಮಿಗೆ ಬದಲಾಗಲಿತ್ತು, ಮನೆಯಲ್ಲೇ ಇರುತ್ತೇನೆ ಎಂದಳು. "ಕೋಣೆ ಖಾಲಿಯಾಗಬೇಕು. ಮಗಳೋ, ತಟ್ಟೆಗಳೋ, ನೀವೇ ಹೇಳಿ," ಎಂದಳು ಹೆಂಡತಿ. ಅವಳು ಜಿಪಿ, ಅಂದರೆ ಬಡಾವಣೆಯ ಡಾಕ್ಟರು. ಹತ್ತು ನಿಮಿಷಕ್ಕೊಬ್ಬ ರೋಗಿಯನ್ನು ನೋಡಿ ಕಳಿಸುವ ಅಭ್ಯಾಸ.

ಅದೇ ಹೊತ್ತಿಗೆ ಕನ್ನಡ ಸಂಘದ ಯುಗಾದಿ ಸಂಚಿಕೆಯಲ್ಲಿ ಒಂದು ಪುಟ ಖಾಲಿ ಉಳಿದಿತ್ತು. ಸಂಪಾದಕರು ಏನಾದರೂ ಕೊಡಿ ಎಂದರು. 'ಮನೆಯಲ್ಲಿ ಇರಲೇಬೇಕಾದ ಹತ್ತು ಜಾಝ್ ಆಲ್ಬಮ್‌ಗಳು' ಎಂದು ಬರೆದುಕೊಟ್ಟೆ. ಊರಿನವರು ಗೌರವದಿಂದ ಕೇಳಿಕೊಂಡು ಬಂದರೆ ಮನೆಯವರೂ ಆ ಕೋಣೆಗೆ ಸ್ವಲ್ಪ ಬೆಲೆ ಕೊಟ್ಟಾರು ಎಂಬುದು ನನ್ನ ಲೆಕ್ಕಾಚಾರ.

ಕೋರ್ಸ್

ಮೊದಲು ಫೋನ್ ಮಾಡಿದವರು ಲೀಡ್ಸಿನ ಒಬ್ಬ ಜಿಪಿ, ಧಾರವಾಡದ ಕಡೆಯವರು. ಹೆಂಡತಿಗೂ ಕೇಳಲಿ ಎಂದು ನಾನೇ ಸ್ಪೀಕರ್ ಹಾಕಿದೆ.

"ಡಾಕ್ಟ್ರ, ನಿಮ್ಮ ಪಟ್ಟಿ ಚಾಲೂ ಮಾಡಿ ಹದಿನೈದು ದಿನ ಆತು ನೋಡ್ರಿ. ಮುಂಜಾನಿ ಒಂದು ಸೈಡು, ಸಂಜೀಕ ಒಂದು ಸೈಡು. ತಪ್ಪಿಸಿಲ್ಲ. ಏನೂ ಫರಕ್ ಬಿದ್ದಿಲ್ಲ."

"ಏನು ಫರಕ್ ಬೀಳಬೇಕಿತ್ತು?"

"ಹಿಡಿಸಬೇಕಿತ್ತಲ್ರೀ!"

"ಸರ್, ಇದು ಮಾತ್ರೆಯಲ್ಲ."

"ಗೊತ್ತೈತ್ರಿ. ಆದ್ರ ಸೈಡ್ ಎಫೆಕ್ಟ್ ಆಗೇತಿ."

ನನಗೆ ಗಾಬರಿಯಾಯಿತು. "ಏನಾಯ್ತು?"

"ನಮ್ಮ ಮನಿಯಾಕಿಗೆ ಸಕ್ರಿ ಐತಿ. ದಿನಾ ವಾಕಿಂಗ್ ಹೋಗು ಅಂತ ಹತ್ತು ವರ್ಷದಿಂದ ಹೇಳಾಕತ್ತೇನಿ, ಕಾಲು ಹೊರಗ ಇಟ್ಟಿರಲಿಲ್ಲ. ಈಗ ನಾನು ರೆಕಾರ್ಡ್ ಹಚ್ಚೂದ ತಡ, ಬೂಟು ಹಾಕ್ಕೊಂಡು ಹೊಂಟಬಿಡ್ತಾಳ. ಮಳಿ ಇದ್ರೂ ಹೋಗ್ತಾಳ."

"ಹಾಗಾದರೆ ನಿಲ್ಲಿಸಿಬಿಡ್ತೀರಾ?"

"ಛೇ, ಎಲ್ಲೀದು! ಡೋಸ್ ಹೆಚ್ಚು ಮಾಡ್ತೇನಿ."

ಹೆಂಡತಿ ಸ್ಪೀಕರಿನ ಹತ್ತಿರ ಬಾಗಿ, ಪರಿಣಾಮವನ್ನು ಬರೆದಿಟ್ಟುಕೊಳ್ಳಿ, ತನ್ನ ರೋಗಿಗಳಿಗೂ ಬೇಕಾಗಬಹುದು ಎಂದಳು.

ತಾಳ

ಎಜ್‌ಬಾಸ್ಟನ್‌ನಲ್ಲಿ ವಿಜಯಪುರದ ಕಡೆಯ ಎಂಜಿನಿಯರ್ ಒಬ್ಬರು ಹೊಸ ಮನೆ ಕೊಂಡರು. ಮನೆ ಎಂದ ಮೇಲೆ 'ಇರಲೇಬೇಕಾದದ್ದು' ಇರಲಿ ಎಂದು ಪಟ್ಟಿಯ ಹತ್ತನ್ನೂ ತರಿಸಿ, ಒಂದು ಟರ್ನ್‌ಟೇಬಲ್ಲನ್ನೂ ತಂದರು. ಗೃಹಪ್ರವೇಶದ ದಿನ ಊಟವಾದ ಮೇಲೆ ಉದ್ಘಾಟನೆ. ನನ್ನನ್ನು ಮುಂದಿನ ಸೋಫಾದಲ್ಲಿ ಕೂರಿಸಿದರು. ಹೆಂಡತಿ ಪಕ್ಕದಲ್ಲಿದ್ದಳು. ಇವತ್ತು ಕೋಣೆ ಉಳಿಯಿತು ಎಂದುಕೊಂಡೆ.

ಮುಳ್ಳು ಇಳಿಯಿತು. ಪಿಯಾನೊ ಶುರುವಾಯಿತು. ಜೊತೆಗೆ ಇನ್ನೊಂದು ಸದ್ದು: ಟಕ್ ಟಕ್ ಟಕ್, ಒಂದು ಬಿಡುವು. ಮತ್ತೆ ಟಕ್ ಟಕ್ ಟಕ್, ಬಿಡುವು. ಆ ರೆಕಾರ್ಡನ್ನು ಬಲ್ಲ ನನಗೆ ಇದೇನೆಂದು ಹೊಳೆಯಲಿಲ್ಲ. ಹಾರ್ಮೋನಿಯಂ ನುಡಿಸುವ ಮೂಳೆಯ ಡಾಕ್ಟರೊಬ್ಬರು ಕಣ್ಣು ಮುಚ್ಚಿ ತೊಡೆ ತಟ್ಟತೊಡಗಿದ್ದರು.

"ಮೂರು ತಾಳಿ, ಒಂದು ಖಾಲಿ. ಶುದ್ಧ ತೀನ್‌ತಾಲ!" ಎಂದರು. "ಅಮೆರಿಕದವರು ಎಲ್ಲಿಂದ ಕಲಿತರು ಅಂತ ಈಗ ಗೊತ್ತಾಯ್ತಲ್ಲ?"

ಇಡೀ ಹಾಲ್ ತಲೆದೂಗಿತು. ನಾನೂ ತೂಗಿದೆ. ಹಾಡು ಮುಗಿಯುವ ಹೊತ್ತಿಗೆ ಎಂಜಿನಿಯರರ ತಾಯಿ ಅಡುಗೆಮನೆಯಿಂದ ಬಂದರು. ಬೆಳಿಗ್ಗೆ ಪೂಜೆಯಲ್ಲಿ ಹೊಸ ಮೆಷೀನಿಗೂ ರೆಕಾರ್ಡಿಗೂ ಅವರೇ ಮೂರು ಬೆರಳಿನಿಂದ ವಿಭೂತಿಯ ಮೂರು ಗೆರೆ ಎಳೆದಿದ್ದರು.

"ವಿಭೂತಿ ಹಂಗ ಐತಲ್ಲೋ ಅದರ ಮ್ಯಾಲ! ತಡಿ, ಒರಸ್ತೇನಿ," ಎಂದು ಸೆರಗಿನಿಂದ ಒರೆಸಿದರು.

ಮತ್ತೆ ಹಚ್ಚಿದಾಗ ಬರೀ ಪಿಯಾನೊ. ತೂಗುತ್ತಿದ್ದ ತಲೆಗಳು ನಿಂತವು. ಕೊನೆಗೆ ಮೂಳೆಯ ಡಾಕ್ಟರು ನನ್ನತ್ತ ಬಾಗಿ ಬೇಸರದಿಂದ ಹೇಳಿದರು: "ಆಗಲೇ ಚೆನ್ನಾಗಿತ್ತು. ಈಗ ಲಯ ತಪ್ಪಿದೆ."

ಸೊಂಟದ ಕೆಳಗೆ

ಆಸ್ಪತ್ರೆಗೂ ಪಟ್ಟಿ ಹೋಯಿತು. ಆಪರೇಷನ್ ಥಿಯೇಟರಿನಲ್ಲಿ ಹಾಡು ಹಾಕುವುದು ಇಲ್ಲಿ ವಾಡಿಕೆ. ಸರ್ಜನ್ ನನ್ನ ಕಡೆ ತಿರುಗಿ, ಇವತ್ತು ನಿಮ್ಮದೇ ಇರಲಿ ಎಂದರು.

ಮೇಜಿನ ಮೇಲೆ ಇದ್ದವರು ಸೊಂಟದ ಕೀಲು ಬದಲಿಸಲು ಬಂದ ಎಂಬತ್ತರ ಹತ್ತಿರದ ಸ್ಥಳೀಯ ಅಜ್ಜ. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಮಾತ್ರ ಮರಗಟ್ಟಿಸಿದ್ದೆ. ಮಲಗಿಸುವ ಮದ್ದು ಬೇಡ, ಎಚ್ಚರವಾಗಿಯೇ ಇರುತ್ತೇನೆ ಎಂದು ಅವರೇ ಹಟ ಹಿಡಿದಿದ್ದರು. ಪಟ್ಟಿಯಲ್ಲಿ ಆರನೆಯದನ್ನು ಫೋನಿನಲ್ಲಿ ಹಾಕಿದೆ. ಸ್ಯಾಕ್ಸೊಫೋನ್ ಏರಿ, ಇಳಿದು, ಎಲ್ಲಿಗೂ ತಲುಪದೆ ಮತ್ತೆ ಏರಿತು.

ಅಜ್ಜ ಬೆರಳೆತ್ತಿ ನನ್ನನ್ನು ಕರೆದರು. ನೋವೇನೋ ಎಂದು ಓಡಿ ಬಾಗಿದೆ.

"ನೋವಿಲ್ಲ ಡಾಕ್ಟರ್, ಕಾಲು ಇದೆಯೋ ಇಲ್ಲವೋ ಗೊತ್ತಾಗುತ್ತಿಲ್ಲ. ಒಳ್ಳೆಯ ಮದ್ದು. ಅದನ್ನೇ ಸ್ವಲ್ಪ ಕಿವಿಯವರೆಗೂ ಏರಿಸೋಕೆ ಆಗಲ್ವಾ?"

ಥಿಯೇಟರಿನ ನರ್ಸ್ ನನ್ನ ಹೆಂಡತಿಯ ಬ್ಯಾಡ್ಮಿಂಟನ್ ಜೊತೆಗಾತಿ. ನಾನು ಮನೆ ಮುಟ್ಟುವ ಮೊದಲೇ ಅಜ್ಜನ ಮಾತು ಮುಟ್ಟಿತ್ತು.

ತೀರ್ಪು

ಜುಲೈ ಕೊನೆಯ ಭಾನುವಾರ ಹೆಂಡತಿ ಕೋಣೆಯ ಮುಂದೆ ರಟ್ಟಿನ ಪೆಟ್ಟಿಗೆಗಳನ್ನು ಜೋಡಿಸಿದಳು. ಮಗಳು ರಜೆಯ ಮೇಲೆ ಬಂದವಳು ಮೆಟ್ಟಿಲ ಮೇಲೆ ಟೀ ಕುಡಿಯುತ್ತ ಕೂತಿದ್ದಳು. ಹೆಂಡತಿಯ ಕೈಯಲ್ಲಿ ಸಂಘದ ಸಂಚಿಕೆ ಇತ್ತು.

"'ಮನೆಯಲ್ಲಿ ಇರಲೇಬೇಕಾದ ಹತ್ತು.' ಇದನ್ನ ಬರೆದಿದ್ದು ನೀವೇ ತಾನೆ?"

"ಹೌದು."

"ಸರಿ. ಹತ್ತು ಇಟ್ಕೊಳ್ಳಿ. ಮಿಕ್ಕಿದ್ದು ಇಲ್ಲದಿದ್ರೂ ನಡೆಯುತ್ತೆ ಅಂತ ನೀವೇ ಅಚ್ಚು ಹಾಕಿಸಿದ್ದೀರಿ."

ಮೆಟ್ಟಿಲ ಮೇಲಿನಿಂದ ಮಗಳು "ಶೀ'ಸ್ ಗಾಟ್ ಯು, ಅಪ್ಪ. ಸಿಕ್ಕಿಬಿದ್ರಿ," ಎಂದಳು.

ನಾನು ಒಳಗೆ ಹೋದೆ. ಅರ್ಧ ಗಂಟೆಯ ಮೇಲೆ ಕೈಯಲ್ಲಿ ನಾಲ್ಕು ರೆಕಾರ್ಡು ಹಿಡಿದು ಬಂದೆ.

"ಮಿಕ್ಕ ಆರು?"

"ಇಲ್ಲ."

"ಯಾರಿಗೆ ಕೊಟ್ರಿ?"

"ಯಾರಿಗೂ ಕೊಟ್ಟಿಲ್ಲ. ಅವು ನಮ್ಮ ಮನೆಯಲ್ಲಿ ಯಾವತ್ತೂ ಇರಲಿಲ್ಲ."

"ಇರಲೇಬೇಕು ಅಂತ ಬರೆದಿದ್ದೀರಿ!"

"ಎಲ್ಲರೂ ಹಾಗೇ ಬರೀತಾರೆ. ನಾನು ಕೇಳಿದ್ದೀನಿ. ಹಿಡಿಸಲಿಲ್ಲ."

"ಈ ನಾಲ್ಕು?"

"ಇವೂ ಅಷ್ಟಕ್ಕಷ್ಟೇ. ಯಾರೋ ಉಡುಗೊರೆ ಕೊಟ್ಟಿದ್ದು."

ಅವಳು ಸಂಚಿಕೆಯನ್ನೂ ಕೋಣೆಯನ್ನೂ ನೋಡಿದಳು. "ಹಾಗಾದ್ರೆ ಒಳಗಿರೋದೆಲ್ಲ?"

"ಅವು ನನಗಿಷ್ಟವಾದವು."

"ಅದನ್ನೇ ಯಾಕೆ ಬರೀಲಿಲ್ಲ?"

ಸುಳ್ಳು ಹೇಳಲು ಆಗಲಿಲ್ಲ. "ಬರೆದರೆ ಜನ ಎರವಲು ಕೇಳ್ತಾರೆ."

ಹೆಂಡತಿ ನನ್ನ ಕೈಯ ನಾಲ್ಕನ್ನು ತೆಗೆದುಕೊಂಡು ಒಂದು ಪೆಟ್ಟಿಗೆಗೆ ಹಾಕಿ ಟೇಪು ಅಂಟಿಸಿದಳು. ಉಳಿದ ಪೆಟ್ಟಿಗೆಗಳನ್ನು ಮಡಚಿ ಗೋಡೆಗೆ ಒರಗಿಸಿದಳು.

"ನಮ್ಮ ರೂಮಿನಲ್ಲಿ ನನ್ನ ಕಡೆಯ ಗೋಡೆ ಖಾಲಿ ಇದೆ. ಅಲ್ಲಿಗೆ ಶೆಲ್ಫ್ ಹಾಕಿಸಿ," ಎಂದಳು.

ಇಷ್ಟು ವರ್ಷದ ಸಂಸಾರದಲ್ಲಿ ಅವಳು ನನ್ನನ್ನು ಹಾಗೆ, ಮೆಚ್ಚಿಕೊಂಡು, ನೋಡಿದ್ದು ನೆನಪಿಲ್ಲ. ಕಾರಣ ಏನೆಂದು ಕೇಳಿದೆ. ಅವಳು ಅದೇ ಸಂಚಿಕೆಯ ಪುಟ ತಿರುಗಿಸಿ ನನ್ನ ಮುಂದೆ ಹಿಡಿದಳು. ಅವಳೇ ಬರೆದುಕೊಟ್ಟ ಬಿಸಿಬೇಳೆಬಾತಿನ ಪುಡಿಯ ವಿಧಾನ, ಅಳತೆ ಸಮೇತ.

"ನಾನು ಮನೆಯಲ್ಲಿ ಹಾಕೋ ಮರಾಠಿ ಮೊಗ್ಗು ಇದರಲ್ಲಿ ಎಲ್ಲಿದೆ, ಹುಡುಕಿ ನೋಡೋಣ," ಎಂದಳು.