ಬಿಳಿ ಕಾರಿನ ಮೇಲಿನ ಪ್ರಮಾಣಿತ ಕೊಳೆ

ಇಪ್ಪತ್ನಾಲ್ಕು ಮನೆಗಳ ನಿವಾಸಿಗಳ ಸಂಘವು ಮನೆ ಮತ್ತು ವಾಹನಗಳ ಶುಚಿತ್ವಕ್ಕಾಗಿ ಪ್ರೆಷರ್ ವಾಷರ್ ಒಂದನ್ನು ಕೊಳ್ಳಬೇಕೆಂದು ಸರ್ವಾನುಮತದಿಂದ ತೀರ್ಮಾನಿಸಿದಾಗ, ಆ ಯಂತ್ರ ಏನು ಮಾಡುತ್ತದೆಂದು ಸಭೆಯಲ್ಲಿ ಇಬ್ಬರಿಗೆ ಗೊತ್ತಿತ್ತು. ಒಬ್ಬರು ಅದನ್ನು ಮಾರುವ ಹಾರ್ಡ್‌ವೇರ್ ಅಂಗಡಿಯವರು, ಮೂರನೇ ಮಹಡಿಯ ನಿವಾಸಿ. ಇನ್ನೊಬ್ಬರು ಅದು ಬೇಕೆಂದು ಅರ್ಜಿ ಕೊಟ್ಟ ಮದುವೆ ಕಾರಿನವರು. ಉಳಿದವರಿಗೆ ಗೊತ್ತಿರಲಿಲ್ಲವಾದ್ದರಿಂದ ವಿರೋಧವೂ ಬರಲಿಲ್ಲ.

ಮದುವೆ ಕಾರಿನವರು ನೆಲಮಹಡಿಯಲ್ಲಿದ್ದರು. ಅವರ ಹತ್ತಿರ ಉದ್ದ ಮೂತಿಯ ಹಳೇ ಬಿಳಿ ಕಾರೊಂದಿತ್ತು. ಅದನ್ನು ಮದುಮಕ್ಕಳಿಗೆ ಬಾಡಿಗೆಗೆ ಬಿಡುವುದು ಅವರ ಕಸುಬು. ಹದಿನೇಳು ವರ್ಷಗಳಲ್ಲಿ ಎಷ್ಟೋ ಜೋಡಿಗಳನ್ನು ದಾಟಿಸಿದ್ದರು. ಅವುಗಳಲ್ಲಿ ಅರ್ಧ ಜೋಡಿಗಳು ಆಮೇಲೆ ಒಬ್ಬರ ಮೇಲೊಬ್ಬರು ದೂರು ಹೇಳಿರಬಹುದು, ಕಾರಿನ ಮೇಲೆ ಮಾತ್ರ ಯಾರೂ ಹೇಳಿರಲಿಲ್ಲ. ಕನ್ನಡಿ ಬೇಕಾದವರು ಬಾನೆಟ್ಟಿನಲ್ಲಿ ಮುಖ ನೋಡಿಕೊಳ್ಳಬಹುದಿತ್ತು.

ಹೀಗಿರುವಾಗ ಪಕ್ಕದ ರಸ್ತೆಯನ್ನು ಅಗೆದರು. ಯಾಕೆ ಅಗೆದರೆಂದು ಅಗೆದವರಿಗೂ ತಿಳಿದಿರಲಿಲ್ಲ, ಆದರೆ ಒಳಗಿಂದ ಬಂದ ಮಣ್ಣು ಒಳ್ಳೆಯ ದರ್ಜೆಯದು. ಹಿಟ್ಟಿನಂತೆ ನುಣ್ಣಗೆ ಎದ್ದು ಗೋಡೆ, ಬಾಲ್ಕನಿ, ಸ್ಕೂಟರು, ಕಾರು ಎಲ್ಲದರ ಮೇಲೂ ಬಡವ ಬಲ್ಲಿದನೆನ್ನದೆ ಕೂತಿತು. ಇಂಥ ಮಣ್ಣನ್ನು ಬಟ್ಟೆಯಿಂದ ಒರೆಸಿದರೆ ಬಣ್ಣಕ್ಕೆ ಗೀರು ಬೀಳುತ್ತದೆ. ಮೊದಲು ನೀರಿನ ರಭಸದಿಂದ ಕಣ ಹಾರಿಸಬೇಕು, ಆಮೇಲೆ ನೊರೆ, ಎಲ್ಲಕ್ಕಿಂತ ಕೊನೆಗೆ ಬಟ್ಟೆ. ಅದಕ್ಕೇ ಅವರು ಯಂತ್ರ ಕೇಳಿದ್ದು. ಐದು ವಾರಕ್ಕೆ ಸರಿಯಾಗಿ ಊರಿನ ದೊಡ್ಡ ಕಂಟ್ರಾಕ್ಟರ ಹಿರಿಮಗಳ ಮದುವೆಯಿತ್ತು. ಕಂಟ್ರಾಕ್ಟರಿಗೆ ಇನ್ನೂ ಮೂವರು ಹೆಣ್ಣುಮಕ್ಕಳು, ಅಣ್ಣತಮ್ಮಂದಿರ ಮಕ್ಕಳನ್ನು ಎಣಿಸಿದವರಿಲ್ಲ. ಈ ಒಂದು ಮದುವೆ ಚೆನ್ನಾಗಿ ದಾಟಿಸಿದರೆ ಹತ್ತು ವರ್ಷ ಬೇರೆ ಬಾಗಿಲು ತಟ್ಟಬೇಕಿಲ್ಲ. ಕೆಡಿಸಿಕೊಂಡರೆ ಹತ್ತು ವರ್ಷ ಯಾವ ಬಾಗಿಲೂ ತೆರೆಯುವುದಿಲ್ಲ.

ಹಾರ್ಡ್‌ವೇರ್ ಅಂಗಡಿಯವರು ಎದ್ದು ನಿಂತು ಸಭೆಗೆ ವಿಷಯ ತಿಳಿಸಿದರು. ಕಾರಿಗೆ ನೂರಿಪ್ಪತ್ತು ಬಾರ್ ಒತ್ತಡ ಸಾಕು, ಅದಕ್ಕಿಂತ ಹೆಚ್ಚಾದರೆ ಕೊಳೆಯ ಜೊತೆ ಬಣ್ಣವೂ ಏಳುತ್ತದೆ. ನೀರು ಬೀಸಣಿಗೆಯಂತೆ ಹರಡುವ ಮೂತಿ ಹಾಕಿ ಒಂದಡಿ ದೂರದಿಂದ ಹೊಡೆಯಬೇಕು. ನಲ್ಲಿ ಇಲ್ಲದ ಕಡೆ ಬಕೆಟ್ಟಿನಿಂದಲೇ ನೀರು ಎಳೆದುಕೊಳ್ಳುವ ಯಂತ್ರವಾದರೆ ಒಳ್ಳೆಯದು. ಪೈಪು ಎಂಟು ಮೀಟರಿಗೆ ಕಮ್ಮಿ ಬೇಡ. ಇಷ್ಟಕ್ಕೆ ಒಂದೂವರೆ ನಿಮಿಷ ಹಿಡಿಯಿತು. ಕೊಳ್ಳುವವನಿಗೆ ಬೇಕಾದದ್ದೆಲ್ಲ ಅದರಲ್ಲಿತ್ತು. ನಡಾವಳಿ ಪುಸ್ತಕದಲ್ಲಿ ‘ಚರ್ಚೆ ಅಪೂರ್ಣ’ ಎಂದು ಬರೆಯಲಾಯಿತು.

ಯಾಕೆಂದರೆ ಅಧ್ಯಕ್ಷರು ಅಳತೆ ಮತ್ತು ತೂಕದ ಇಲಾಖೆಯ ನಿವೃತ್ತ ಇನ್ಸ್‌ಪೆಕ್ಟರು. ಮೂವತ್ತೊಂದು ವರ್ಷ ಅಂಗಡಿ ಅಂಗಡಿಗೆ ಹೋಗಿ ತೂಕದ ಕಲ್ಲುಗಳಿಗೆ ಮುದ್ರೆ ಒತ್ತಿದವರು.

“ನೂರಿಪ್ಪತ್ತು ಯಾವ ಕೊಳೆಗೆ?” ಎಂದು ಕೇಳಿದರು.

“ಕೊಳೆ ಅಂದ್ರೆ ಕೊಳೆ ಸಾರ್,” ಎಂದರು ಅಂಗಡಿಯವರು.

“ಕಲ್ಲು ಅಂದ್ರೆ ಕಲ್ಲು ಸಾರ್ ಅಂತ ಮೂವತ್ತೊಂದು ವರ್ಷ ನನಗೆ ಎಲ್ಲ ಅಂಗಡಿಯವರೂ ಹೇಳಿದಾರೆ. ಕಲ್ಲಿನ ಕೆಳಗೆ ಕೊರೆದು ಟೊಳ್ಳು ಮಾಡಿರ್ತಿದ್ರು.”

ಸಭೆ ನಕ್ಕಿತು. ಅಂಗಡಿಯವರ ಒಂದೂವರೆ ನಿಮಿಷ ಅಲ್ಲಿಗೆ ನೀರಿನಲ್ಲಿ ಹೋಮ. ಅಧ್ಯಕ್ಷರು ವಿವರಿಸಿದ ತತ್ವ ಸರಳವಾಗಿತ್ತು. ಮೂರು ಯಂತ್ರ ತರಿಸಬೇಕು, ಮೂರನ್ನೂ ಒಂದೇ ಕೊಳೆಯ ಮೇಲೆ ಪರೀಕ್ಷಿಸಬೇಕು. ಒಂದಕ್ಕೆ ಹಗುರ ಕೊಳೆ, ಇನ್ನೊಂದಕ್ಕೆ ಭಾರದ ಕೊಳೆ ಸಿಕ್ಕಿದರೆ ಅದು ತಕ್ಕಡಿಗೆ ಮಾಡಿದ ದ್ರೋಹ. ಆದ್ದರಿಂದ ಮೊದಲು ಕೊಳೆಯನ್ನು ನಿಗದಿ ಮಾಡಬೇಕು. ಮರುದಿನ ಅವರು ಉಕ್ಕಿನ ಅಳತೆಪಟ್ಟಿ ಮತ್ತು ಭೂತಗನ್ನಡಿ ಹಿಡಿದು ಆವರಣದ ಎಲ್ಲ ವಾಹನಗಳನ್ನೂ ಸುತ್ತಿ ಬಂದರು. ಎಲ್ಲ ಕಡೆ ಒಂದೇ ದಪ್ಪಕ್ಕೆ, ಮೋಸವಿಲ್ಲದೆ ಕೂತ ಕೊಳೆ ಒಂದೇ ವಾಹನದ ಮೇಲಿತ್ತು. ಅದು ಬಿಳಿ ಕಾರು.

ಅದನ್ನು ತೊಳೆಯಲಿಕ್ಕೆಂದೇ ತಾವು ಯಂತ್ರ ಕೇಳಿದ್ದೆಂದು ಮದುವೆ ಕಾರಿನವರು ನೆನಪಿಸಿದರು. ತೊಳೆಯೋಣ, ಯಾವುದರಿಂದ ತೊಳೆಯುವುದೆಂದು ತೀರ್ಮಾನವಾಗುವವರೆಗೆ ಮುಟ್ಟಬೇಡಿ ಎಂದರು ಅಧ್ಯಕ್ಷರು. ಮದುವೆ ಕಾರಿನವರಿಗೆ ಇದರಲ್ಲಿ ತಪ್ಪೇನೂ ಕಾಣಲಿಲ್ಲ. ಮನೆಗೆ ಬಂದು ಹೆಂಡತಿಗೂ ಹಾಗೇ ಹೇಳಿದರು.

“ರೀ, ಬಾವಿ ತೋಡೋವರೆಗೆ ಬಾಯಾರಿಕೆ ಕಾಪಾಡ್ಕೊಂಡಿರಿ ಅಂದ ಹಾಗಾಯ್ತು,” ಎಂದು ಆಕೆ ಒಳಗೆ ಹೋದರು.

ಸಂಜೆಯ ಹೊತ್ತಿಗೆ ಕಾರಿನ ಸುತ್ತ ಹಗ್ಗ ಬಿತ್ತು, ಮೇಲೆ ಟಾರ್ಪಾಲಿನ ಚಪ್ಪರ ಎದ್ದಿತು. ಕಾರ್ಯದರ್ಶಿಗಳು ನಿವೃತ್ತ ಮುಖ್ಯೋಪಾಧ್ಯಾಯಿನಿ, ಎಲ್ಲರ ಬಾಯಲ್ಲಿ ಟೀಚರಮ್ಮ. ಅವರು ದುಂಡಕ್ಷರದಲ್ಲಿ ಬರೆದ ಪ್ರಕಟಣೆ ಲಿಫ್ಟಿನ ಬಾಗಿಲಿಗೆ ಅಂಟಿತು:

‘ನೆಲಮಹಡಿಯ ಬಿಳಿ ಕಾರಿನ ಮೇಲಿರುವ ಕೊಳೆಯನ್ನು ಈ ದಿನದಿಂದ ಪ್ರಮಾಣಿತ ಕೊಳೆ ಎಂದು ಘೋಷಿಸಲಾಗಿದೆ. ಇದನ್ನು ಮುಟ್ಟುವುದು, ಊದುವುದು, ಇದರ ಮೇಲೆ ಬೆರಳಿನಿಂದ ಹೆಸರು ಬರೆಯುವುದು ಹಾಗೂ ಇದರ ಸಮೀಪ ಅನಗತ್ಯವಾಗಿ ಸೀನುವುದನ್ನು ನಿಷೇಧಿಸಲಾಗಿದೆ. ಅಗತ್ಯವಾಗಿ ಸೀನುವವರು ಮುಖವನ್ನು ಗೇಟಿನ ಕಡೆ ತಿರುಗಿಸತಕ್ಕದ್ದು.’

ಎರಡನೇ ವಾರ ಬೆಕ್ಕೊಂದು ಬಾನೆಟ್ಟಿನ ಮೇಲೆ ನಡೆಯಿತು. ಹೆಜ್ಜೆಗಳನ್ನು ಎಣಿಸಲಾಯಿತು, ಹತ್ತೊಂಬತ್ತು. ನಾಲ್ಕು ಕಾಲಿನ ಪ್ರಾಣಿ ಹತ್ತೊಂಬತ್ತು ಹೆಜ್ಜೆ ಇಟ್ಟದ್ದು ಹೇಗೆಂಬ ಬಗ್ಗೆ ಸಭೆಯಲ್ಲಿ ಎರಡು ಗಂಟೆ ಮಾತುಕತೆ ನಡೆದು, ಇಪ್ಪತ್ತನೆಯದನ್ನು ಇಡುವ ಮೊದಲೇ ಬೆಕ್ಕಿಗೆ ತಪ್ಪಿನ ಅರಿವಾಗಿರಬೇಕೆಂದು ಒಪ್ಪಲಾಯಿತು. ಪ್ರತಿ ಹೆಜ್ಜೆಯಲ್ಲೂ ಸ್ವಲ್ಪ ಪ್ರಮಾಣಿತ ಕೊಳೆ ನಷ್ಟವಾಗಿತ್ತಲ್ಲ, ಇನ್ನು ಮುಂದೆ ಇಂಥ ನಷ್ಟ ತುಂಬಲು ಆವರಣದ ಉಳಿದ ವಾಹನಗಳ ಮೇಲಿನದನ್ನು ‘ಮೀಸಲು ಕೊಳೆ’ ಎಂದು ಕರೆದು ಅದಕ್ಕೂ ರಕ್ಷಣೆ ವಿಸ್ತರಿಸಲಾಯಿತು. ಮೊದಲ ಮಹಡಿಯ ಹಲ್ಲಿನ ಡಾಕ್ಟರು ಪ್ರಕಟಣೆ ಓದದೆ ತಮ್ಮ ಸ್ಕೂಟರು ತೊಳೆದುಬಿಟ್ಟರು. ವಿವರಣೆ ಕೇಳಿದಾಗ ‘ಕೊಳೆಯಾಗಿತ್ತು, ತೊಳೆದೆ’ ಎಂದು ಬರೆದುಕೊಟ್ಟರು. ಅದರ ಮೊದಲ ಭಾಗವನ್ನು ತಪ್ಪೊಪ್ಪಿಗೆಯೆಂದೂ ಎರಡನೆಯದನ್ನು ಅಹಂಕಾರವೆಂದೂ ದಾಖಲಿಸಿ, ಸ್ಕೂಟರು ಪೂರ್ವಸ್ಥಿತಿಗೆ ಬರುವವರೆಗೆ ಅದನ್ನು ಅಗೆದ ರಸ್ತೆಯ ಬದಿಯಲ್ಲಿ ನಿಲ್ಲಿಸಬೇಕೆಂದು ಆದೇಶವಾಯಿತು. ಡಾಕ್ಟರು ನಿಲ್ಲಿಸಿದರು.

ಮೂರನೇ ವಾರ ಮದುವೆ ಕಾರಿನವರ ತಾಳ್ಮೆ ಸೋತಿತು. ಎಲ್ಲರೂ ಊಟಕ್ಕೆ ಕೂತ ಮಧ್ಯಾಹ್ನ ಬಕೆಟ್ಟು, ಮಗ್ಗು ಹಿಡಿದು ಹಗ್ಗ ದಾಟಿದರು. ಗೀರು ಬಿದ್ದರೆ ಬೀಳಲಿ, ಪಾಲಿಷ್ ಹಾಕಿ ಮುಚ್ಚಿದರಾಯಿತು ಎಂಬ ಲೆಕ್ಕ. ಮೊದಲ ಮಗ್ಗು ನೀರು ಎತ್ತಿದ್ದಷ್ಟೇ, ಮೇಲಿನಿಂದ ಟೀಚರಮ್ಮನ ದನಿ ಬಂತು.

“ಮಗ್ಗು ಕೆಳಗಿಡಿ.”

ನಲವತ್ತು ವರ್ಷ ಶಾಲೆ ನಡುಗಿಸಿದ ದನಿ ಅದು. ಮಗ್ಗು ತಾನಾಗಿಯೇ ಕೆಳಗಿಳಿಯಿತು.

ಸಂಘದಿಂದ ಹೊರಗೆ ಹಾಕುತ್ತಾರೆಂದುಕೊಂಡೇ ಅವರು ತುರ್ತುಸಭೆಗೆ ಹೋದರು. ಆದರೆ ಅಧ್ಯಕ್ಷರು ಅನುಭವಸ್ಥರು. ಕದಿಯಲು ಬಂದವನ ಸೊಂಟಕ್ಕೇ ಬೀಗದ ಕೈ ಕಟ್ಟಿದರೆ ಮಾಲು ಭದ್ರ ಎಂಬುದನ್ನು ಇಲಾಖೆಯಲ್ಲಿ ಕಂಡವರು. ಮದುವೆ ಕಾರಿನವರನ್ನು ಕೊಳೆ ಸಂರಕ್ಷಣಾ ಉಪಸಮಿತಿಯ ಸಂಚಾಲಕರನ್ನಾಗಿ ನೇಮಿಸಿ, ಒಂದು ರಿಜಿಸ್ಟರು, ಒಂದು ರಬ್ಬರ್ ಸೀಲು ಕೈಗಿಟ್ಟರು. ಬೆಳಗ್ಗೆ, ಸಂಜೆ ಕಾರಿನ ಸುತ್ತ ಬಂದು ‘ಕೊಳೆ ಸುರಕ್ಷಿತ’ ಎಂದು ಬರೆದು ಸೀಲು ಒತ್ತಬೇಕು. ಮೊದಲೆರಡು ದಿನ ಅವರು ಮುಖ ಗಂಟಿಕ್ಕಿಕೊಂಡು ಒತ್ತಿದರು. ನಾಲ್ಕನೇ ದಿನ ಸೀಲು ಒತ್ತಲು ಹೋಗುವ ಮುನ್ನ ಇಸ್ತ್ರಿ ಮಾಡಿದ ಅಂಗಿ ಕೇಳಿದ್ದನ್ನು ಹೆಂಡತಿ ಗಮನಿಸಿದರು. ತೆಗೆದು ಕೊಟ್ಟರು.

ನಾಲ್ಕನೇ ವಾರ ಪರೀಕ್ಷೆ. ಹಾರ್ಡ್‌ವೇರ್ ಅಂಗಡಿಯವರು ಮೂರು ಯಂತ್ರಗಳನ್ನು ಸಾಲಾಗಿ ಇಟ್ಟಿದ್ದರು. ನಿವಾಸಿಗಳು ಮನೆಯಿಂದ ಕುರ್ಚಿ ತಂದು ಕೂತರು. ಕೊಳೆ ಮುಟ್ಟದೆ ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆದು ಕಾರನ್ನು ಮೂರು ಪಾಲು ಮಾಡಲಾಗಿತ್ತು: ಮೂತಿ, ಹೊಟ್ಟೆ, ಡಿಕ್ಕಿ. ಮದುವೆಗೆ ಇನ್ನು ಎಂಟು ದಿನ. ಮದುವೆ ಕಾರಿನವರು ಒಗೆದು ಮಡಿಸಿದ ಮೆತ್ತನೆ ಬಟ್ಟೆಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಕಾದಿದ್ದರು. ಅಂಗಡಿಯವರು ಮೊದಲ ಯಂತ್ರದ ಮೂತಿ ಎತ್ತಿ ಗುರಿ ಹಿಡಿದಾಗ ಅಧ್ಯಕ್ಷರು ಕೈ ಮೇಲೆತ್ತಿದರು.

“ತೊಳೆದ ಮೇಲೆ ಈ ಕೊಳೆ ಎಲ್ಲಿರುತ್ತೆ?”

“ಚರಂಡೀಲಿ ಸಾರ್.”

“ನಾಳೆ ಯಾರಾದ್ರೂ ಪರೀಕ್ಷೆ ಸರಿಯಾಗಿ ನಡೀತಾ ಅಂತ ಕೇಳಿದ್ರೆ ಏನು ತೋರಿಸ್ತೀರಿ? ಚರಂಡೀನಾ?”

ಅಳತೆಯ ಕಲ್ಲನ್ನು ಯಾರೂ ಅರೆದು ಮಾರುವುದಿಲ್ಲ ಎಂದು ಅಧ್ಯಕ್ಷರು ಹೇಳಿದಾಗ ಎಲ್ಲರಿಗೂ ಒಂದು ದೊಡ್ಡ ಅನಾಹುತ ಕೂದಲೆಳೆಯಲ್ಲಿ ತಪ್ಪಿದಂತಾಯಿತು. ಟೀಚರಮ್ಮ ಬೆವರು ಒರೆಸಿಕೊಂಡರು. ಪರೀಕ್ಷೆಯನ್ನು ಕೈಬಿಟ್ಟು, ಮೀಟರ್ ಕೋಣೆಯ ಕಪಾಟಿನಲ್ಲಿ ಯಾವ ಯಂತ್ರದ ಡಬ್ಬ ಹಿಡಿಸುತ್ತದೋ ಅದನ್ನೇ ಕೊಳ್ಳಲಾಯಿತು. ಹಿಡಿಸಿದ್ದು ನೂರಿಪ್ಪತ್ತು ಬಾರಿನದು, ಬಕೆಟ್ಟಿನಿಂದ ನೀರು ಎಳೆಯುವುದು, ಎಂಟು ಮೀಟರ್ ಪೈಪಿನದು. ಜೊತೆಗೆ ಒಂದು ನಿಯಮ ಬಂತು: ತುಂತುರು ಹಾರಿ ನಷ್ಟವಾಗದಿರಲು ಪ್ರಮಾಣಿತ ಕೊಳೆಯಿಂದ ನಲವತ್ತು ಅಡಿಯೊಳಗೆ ಯಂತ್ರವನ್ನು ಚಾಲೂ ಮಾಡಕೂಡದು. ಕಾರು ಆವರಣದ ನಡುಮಧ್ಯದಲ್ಲಿತ್ತು. ಅತಿ ದೂರದ ಮೂಲೆ ಮೂವತ್ತೆಂಟು ಅಡಿ. ಕಪಾಟಿಗೆ ಬೀಗ ಹಾಕಿದರು.

ಮದುವೆ ಕಾರಿನವರು ಆ ರಾತ್ರಿ ಊಟ ಬಿಟ್ಟರು. ಬೆಳಗ್ಗೆ ಎದ್ದು, ರಿಜಿಸ್ಟರಿಗೆ ಸೀಲು ಒತ್ತಿ, ಒಪ್ಪಿಕೊಂಡ ಮದುವೆಯನ್ನು ಬಿಟ್ಟುಕೊಡಲು ಕಂಟ್ರಾಕ್ಟರ ಆಫೀಸಿಗೆ ಹೊರಟರು. ಕಂಟ್ರಾಕ್ಟರು ಬಾಯಿಮಾತು ನಂಬುವ ಮನುಷ್ಯ ಅಲ್ಲವೆಂದು, ಕಾರಣಕ್ಕೆ ಆಧಾರವಾಗಿ ಸಂಘದ ಕಾಗದವೊಂದನ್ನು ಬರೆಸಿಕೊಂಡಿದ್ದರು. ಈ ವಾಹನದ ಮೇಲಿನ ಕೊಳೆ ಪ್ರಮಾಣಿತ, ಮೂವತ್ತು ದಿನ ಹಳೆಯದು, ದಪ್ಪ ಎಲ್ಲೆಡೆ ಸಮ, ದಿನಕ್ಕೆರಡು ಬಾರಿ ಪರಿಶೀಲಿತ ಎಂದು ಅದರಲ್ಲಿತ್ತು.

ಕಂಟ್ರಾಕ್ಟರು ಅದನ್ನು ಎರಡು ಸಲ ಓದಿದರು. ಬೆಳಕಿಗೆ ಹಿಡಿದು ನೋಡಿದರು.

“ಸೀಲು ಅಸಲೀನಾ?”

“ನಾನೇ ಒತ್ತೋದು ಅಣ್ಣಾ.”

“ನೋಡಪ್ಪ, ನಾನು ಮೂವತ್ತು ವರ್ಷದಲ್ಲಿ ಕಟ್ಟಿದ ಸೇತುವೆಗಳಲ್ಲಿ ಒಂದರ ಸಿಮೆಂಟಿಗೂ ಇಂಥ ಕಾಗದ ಇರಲಿಲ್ಲ.”

ಮದುವೆ ಕಾರಿನವರು ತಲೆ ತಗ್ಗಿಸಿ, ಬೇರೆ ಕಾರು ಗೊತ್ತುಮಾಡಿಕೊಡುತ್ತೇನೆ ಎಂದರು.

“ಬೇರೆ ಯಾಕೆ? ಬೀಗರು ಹೊಸಾ ಕಾರು ತರ್ತಾರಂತೆ, ತೊಳೆದು ಫಳಫಳ ಅಂತ. ತೊಳೆದ ಕಾರು ಯಾವನ ಹತ್ರ ಇಲ್ಲ? ಇದನ್ನೇ ತಗೊಂಡ್ ಬಾ. ಕಾಗದ ಮರೀಬೇಡ.”

ಮಾರುಕಟ್ಟೆಯಲ್ಲಿ ಇದು ಹೊಸದಲ್ಲ. ಸರಕು ನೋಡಿ ಕೊಳ್ಳುವವನೊಬ್ಬನಾದರೆ ಸೀಲು ನೋಡಿ ಕೊಳ್ಳುವವರು ಒಂಬತ್ತು ಜನ, ಆ ಒಬ್ಬನೂ ಒಂಬತ್ತು ಜನರ ಮುಖ ನೋಡಿ ಕೊಳ್ಳುತ್ತಾನೆ.

ಸಂಘವು ಷರತ್ತುಗಳ ಮೇಲೆ ಅನುಮತಿ ಕೊಟ್ಟಿತು. ಗಾಳಿಗೆ ಕೊಳೆ ಹಾರದಂತೆ ಕಾರು ಗಂಟೆಗೆ ಮೂರು ಕಿಲೋಮೀಟರ್ ವೇಗ ಮೀರಬಾರದು. ಅಧ್ಯಕ್ಷರು ಅಳತೆಪಟ್ಟಿಯೊಂದಿಗೆ ಮುಂದಿನ ಸೀಟಿನಲ್ಲಿರತಕ್ಕದ್ದು. ಬಾಗಿಲನ್ನು ಟೀಚರಮ್ಮ ಮಾತ್ರ, ಕೈಗವಸು ಹಾಕಿ, ತೆಗೆಯತಕ್ಕದ್ದು. ಮದುಮಕ್ಕಳು ಛತ್ರಕ್ಕೆ ಒಂದೂವರೆ ಗಂಟೆ ತಡವಾಗಿ ಬಂದರು. ನಡೆದು ಬಂದ ಅಜ್ಜಿಯರು ಅವರಿಗಿಂತ ಮೊದಲೇ ತಲುಪಿ ಮುಂದಿನ ಸಾಲು ಹಿಡಿದಿದ್ದರು. ಕಂಟ್ರಾಕ್ಟರು ಮೈಕಿನಲ್ಲಿ ಕಾಗದ ಓದಿಸಿದರು. ದಪ್ಪ ಎಲ್ಲೆಡೆ ಸಮ ಎಂಬಲ್ಲಿ ಚಪ್ಪಾಳೆ ಬಿತ್ತು. ಹುಡುಗನ ತಂದೆ ಮೆಲ್ಲಗೆ ಹೊರಗೆ ಹೋಗಿ, ಕನ್ನಡಿಯಂತೆ ಹೊಳೆಯುತ್ತಿದ್ದ ತಮ್ಮ ಹೊಸ ಕಾರನ್ನು ಅಡುಗೆಮನೆಯ ಹಿಂದಕ್ಕೆ ಸರಿಸಿ ನಿಲ್ಲಿಸಿ ಬಂದರು.

ಮೂರು ದಿನದ ಮೇಲೆ ಅವರ ಅರ್ಜಿ ಬಂತು. ತಮ್ಮ ವಾಹನಕ್ಕೂ ಪ್ರಮಾಣಿತ ಕೊಳೆ ಒದಗಿಸಬೇಕೆಂದು ಪ್ರಾರ್ಥನೆ. ವಾರದಲ್ಲಿ ಅಂಥವು ಹನ್ನೆರಡಾದವು. ಪಕ್ಕದ ರಸ್ತೆಯನ್ನು ಮುಚ್ಚಲು ಬಂದವರನ್ನು ಸಂಘವು ಕೈಮುಗಿದು ವಾಪಸು ಕಳಿಸಿತು. ಆದರೆ ಅಧ್ಯಕ್ಷರು ತಪ್ಪು ಬಿಡುವವರಲ್ಲ. ಅರ್ಜಿದಾರರ ವಾಹನದ ಮೇಲೆ ಈಗಾಗಲೇ ಊರಿನ ಸಾದಾ ಕೊಳೆ ಇರುತ್ತದೆ. ಅದರ ಮೇಲೆ ಪ್ರಮಾಣಿತದ್ದನ್ನು ಹಾಕಿದರೆ ಕಲಬೆರಕೆ. ಆದ್ದರಿಂದ ವಾಹನವನ್ನು ಮೊದಲು ಸಂಪೂರ್ಣ ತೊಳೆಯತಕ್ಕದ್ದು.

ಹೀಗೆ ಪ್ರೆಷರ್ ವಾಷರ್ ಕಪಾಟಿನಿಂದ ಹೊರಬಂತು. ಗೇಟಿನಾಚೆ ನಲವತ್ತೊಂದು ಅಡಿ ಅಳೆದು ಗೆರೆ ಎಳೆದರು. ಹುಡುಗನ ತಂದೆಯ ಕಾರು ಗೆರೆಯ ಮೇಲೆ ನಿಂತಿತು. ಹಾರ್ಡ್‌ವೇರ್ ಅಂಗಡಿಯವರು ಪೈಪಿನ ತುದಿಯನ್ನು ಬಕೆಟ್ಟಿಗೆ ಬಿಟ್ಟು, ಒಂದಡಿ ದೂರದಿಂದ ಬೀಸಿ ಹೊಡೆದರು. ಯಂತ್ರ ಚೆನ್ನಾಗಿಯೇ ಇತ್ತು. ಏಳು ನಿಮಿಷದಲ್ಲಿ ಕಾರು ಆಗತಾನೇ ಹುಟ್ಟಿದಂತೆ ನಿಂತಿತ್ತು, ನೀರಿನ ಹನಿಗಳು ಬಾನೆಟ್ಟಿನ ಮೇಲೆ ಮುತ್ತಾಗಿ ಜಾರುತ್ತಿದ್ದವು.

ಹುಡುಗನ ತಂದೆ ಅದನ್ನೇ ನೋಡುತ್ತ ನಿಂತುಬಿಟ್ಟರು. “ಹೀಗೇ ಬಿಟ್ರೆ ಹೇಗಿರುತ್ತೆ?” ಎಂದರು, ಸ್ವಲ್ಪ ಅಳುಕಿನಿಂದ.

ಮದುವೆ ಕಾರಿನವರು ಬಗ್ಗಿ ನೋಡಿದರು. ಬಾನೆಟ್ಟಿನಲ್ಲಿ ಇಸ್ತ್ರಿ ಅಂಗಿ ತೊಟ್ಟ, ಜೇಬಿನಲ್ಲಿ ಸೀಲು ಇಟ್ಟುಕೊಂಡ ಒಬ್ಬ ಮನುಷ್ಯ ಕಂಡ. ಅವರ ಕೈ ತಾನಾಗಿಯೇ ಒಂದು ಮೆತ್ತನೆ ಬಟ್ಟೆಗಾಗಿ ಕಂಕುಳಿಗೆ ಹೋಯಿತು. ಅಲ್ಲಿ ಜರಡಿ ಇತ್ತು.

“ಹೀಗೇ ಬಿಟ್ರೆ ನಾವು ಸೀಲು ಒತ್ತೋಕಾಗಲ್ಲ ಸಾರ್,” ಎಂದರು.

“ಅಯ್ಯೋ ಬೇಡ ಬೇಡ, ಕೊಳೆ ಹಾಕಿ,” ಎಂದು ಹುಡುಗನ ತಂದೆ ಹಿಂದೆ ಸರಿದರು.

ಮೈ ಆರುವವರೆಗೆ ಕಾದು, ಮದುವೆ ಕಾರಿನವರು ಒಂದು ಮೂಲೆಯಿಂದ ಶುರುಮಾಡಿ, ದಪ್ಪ ಎಲ್ಲೆಡೆ ಸಮ ಬರುವಂತೆ, ಜರಡಿಗೆ ರಸ್ತೆಯ ಮಣ್ಣು ತುಂಬಿ ಒಂದೇ ಹದದಲ್ಲಿ ಆಡಿಸುತ್ತ ಹೋದರು. ಹಿಂದೆ ಹನ್ನೊಂದು ಕಾರುಗಳು ಗಾಜು ಏರಿಸಿಕೊಂಡು ಸಾಲಿನಲ್ಲಿ ನಿಂತಿದ್ದವು. ಗಾಳಿ ಎದ್ದೀತೆಂದು ಯಾರೂ ಹಾರ್ನು ಸಹ ಮಾಡಲಿಲ್ಲ.