ನಾದಿನಿಗೆ ಕಲಿಸಿದ ತೂಕದ ಇಂಗ್ಲಿಷು

ನಾನು ಬಾಯಿ ಹಾಕಿದ ಕಡೆ ಏನಾದರೊಂದು ನಡೆದೇ ನಡೆಯುತ್ತದೆ. ನಡೆಯದಿದ್ದರೆ ಹೇಳುವಾಗ ನಾನೇ ಸ್ವಲ್ಪ ನಡೆಸುತ್ತೇನೆ.

ಮದ್ದೂರಿನ ನನ್ನ ನಾದಿನಿಗೆ ಭಾರತೀನಗರದ ಖಾಸಗಿ ಶಾಲೆಯೊಂದರಿಂದ ಇಂಗ್ಲಿಷ್ ಟೀಚರ್ ಸಂದರ್ಶನಕ್ಕೆ ಕರೆ ಬಂತು. ಕನ್ನಡ ಮೀಡಿಯಂನವಳು. ಹಿಂದೆ ಎರಡು ಕಡೆ ಬಾಯಿ ಕಟ್ಟಿ ವಾಪಸ್ ಬಂದಿದ್ದಳು.

"ಭಾವ, ಇದೂ ಕೈತಪ್ಪುದ್ರೆ ಇನ್ನು ಅರ್ಜಿನೇ ಹಾಕಾಕಿಲ್ಲ."

"ಸಣ್ಣ ಪದ ಬುಡವ್ವ, ತೂಕದ್ದು ಹಿಡಿ. ದಿನಕ್ಕೊಂದು ನಾನ್ ಕೊಡ್ತೀನಿ" ಅಂದೆ.

೧. ಅವರೆಕಾಳು ಸಾರು

ಮೊದಲ ಪದ 'ಮ್ಯಾಗ್ನಿಫಿಸೆಂಟ್'. ಬಳಸುವುದು ಹೇಗೆಂದು ತೋರಿಸಲು, ಊಟಕ್ಕೆ ಕೂತಾಗ, "ಅತ್ತೆ, ನಿಮ್ಮ ಸಾರು ಮ್ಯಾಗ್ನಿಫಿಸೆಂಟ್!" ಅಂದೆ.

ಅತ್ತೆ ಸೌಟು ಕೆಳಗಿಟ್ಟರು. "ಉಪ್ಪು ಜಾಸ್ತಿಯಾಗಿದ್ರೆ ಕನ್ನಡದಲ್ಲೇ ಏಳಪ್ಪ. ಉಣ್ಣೋ ಒತ್ನಲ್ಲಿ ಇಂಗ್ಲಿಸ್ನಲ್ಲಿ ಯಾಕ್ ಬಯ್ತೀಯ?"

ಎರಡನೇ ಮುದ್ದೆ ನನ್ನ ತಟ್ಟೆಗೆ ಬರಲೇ ಇಲ್ಲ.

೨. ಮಳವಳ್ಳಿ ಬಸ್ಸು

ಧೈರ್ಯ ಬರಲೆಂದು ಅವಳನ್ನು ಮಳವಳ್ಳಿ ಬಸ್ಸು ಹತ್ತಿಸಿದೆ. ಕಾಲಿಡಲು ಜಾಗವಿಲ್ಲ. ನಾದಿನಿ ಬ್ಯಾಗು ಹೆಗಲಿಗೇರಿಸಿಕೊಂಡು ಕಂಡಕ್ಟರಿಗೆ, "ಕೈಂಡ್ಲಿ ಅಕಾಮಡೇಟ್ ಮಿ ಇಮ್ಮೀಡಿಯಟ್ಲಿ" ಅಂದಳು.

ಕಂಡಕ್ಟರ್ ಬೆಚ್ಚಿದ. "ಚೆಕಿಂಗ್ ಮೇಡಂ ಕಣ್ರಲೇ, ಜಾಗ ಬುಡ್ರಿ!"

ಮೂರು ಸೀಟು ಒಟ್ಟಿಗೆ ಖಾಲಿ. ಮುಂದಿನ ಸ್ಟಾಪಿನಲ್ಲಿ ಟಿಕೆಟ್ಟಿಲ್ಲದ ಹನ್ನೊಂದು ಗಂಡಸರು ಇಳಿದು ಗದ್ದೆಗೆ ಬಿದ್ದು ಓಡಿದರು. ಹನ್ನೊಂದು ಅಂದೆನೇ? ನಾಲ್ಕಂತೂ ಹೌದು.

೩. ಸಂದರ್ಶನ

ಅಷ್ಟರಲ್ಲಿ ನನ್ನ ಸ್ಟಾಕು ಮುಗಿದಿತ್ತು. ಸಂದರ್ಶನದ ಹಿಂದಿನ ದಿನ ನಾನೇ ಒಂದು ಪದ ಕಟ್ಟಿ ಕೊಟ್ಟೆ: 'ಗ್ರಾಂಡಿಬುಲಸ್'. "ಬಲು ಘನವಾದದ್ದು ಅಂತ ಅರ್ಥ ಕಣಮ್ಮ" ಅಂದೆ.

ಮಾರನೇ ದಿನ ಆಫೀಸಿನ ಕಿಟಕಿ ಪಕ್ಕ ಕೂತೆ. ಒಳಗೆ ಶಾಲೆಯ ಅಧ್ಯಕ್ಷರೂ ಸೇರಿ ಮೂವರು ಹಿರಿಯರು. ಮೊದಲ ಪ್ರಶ್ನೆಗಳಿಗೆ ಹುಡುಗಿ ನೀಟಾಗಿ ಉತ್ತರಿಸಿದಳು. ನಿಮ್ಮ ಪಾಠ ಹೇಗಿರುತ್ತದೆ ಎಂದು ಅಧ್ಯಕ್ಷರು ಕೇಳಿದರು.

"ಗ್ರಾಂಡಿಬುಲಸ್, ಸರ್."

ಒಳಗೆ ಮೂರು ತಲೆಯೂ ಆಡಿದವು. ಅಧ್ಯಕ್ಷರು, "ಕರೆಕ್ಟ್. ಹಿಂದಿನ ಟೀಚರ್‌ಗೆ ಅದೇ ಕಮ್ಮಿ ಇದ್ದಿದ್ದು" ಅಂದರು.

"ಕ್ಷಮಿಸಿ ಸರ್, ಅಂಥ ಪದಾನೇ ಇಲ್ಲ. ನಿನ್ನೆ ಡಿಕ್ಷನರಿ ಪೂರ್ತಿ ಹುಡುಕ್ದೆ. ನಮ್ಮ ಭಾವ ಕಟ್ಟಿದ್ದು. ಗೊತ್ತಿಲ್ದೆ ಇರೋದಕ್ಕೆ ತಲೆ ಆಡಿಸ್ಬೇಡಿ, ಕೇಳಿ ಅಂತ ಮಕ್ಕಳಿಗೆ ಮೊದಲು ಕಲಿಸ್ತೀನಿ."

ಮುಗೀತು ಅಂದುಕೊಂಡು ಚಪ್ಪಲಿ ಹುಡುಕತೊಡಗಿದೆ. ಅಷ್ಟರಲ್ಲಿ ಅಧ್ಯಕ್ಷರು ಹೊಟ್ಟೆ ಹಿಡಿದುಕೊಂಡು ನಗಲು ಶುರುಮಾಡಿದರು.

"ಸೋಮವಾರದಿಂದ ಬಾಮ್ಮ. ಎಲ್‌ಕೆಜಿಲಿ ಒಂದು ಸೀಟು ಖಾಲಿ ಐತೆ, ನಿಮ್ಮ ಭಾವನ್ನೂ ಕರ್ಕೊಂಡು ಬಾ!"