ಕುರ್ಚಿರಾಯರ ಮನೆಯಲ್ಲಿ ಕುರ್ಚಿಯಿಲ್ಲ

ಲೋಕದ ತುಂಬ ಕುರ್ಚಿ ಸಿಗಲಿಲ್ಲವೆಂದು ಕೊರಗುವವರೇ ಇರುವಾಗ, ಮನೆ ತುಂಬ ಕುರ್ಚಿಗಳಿವೆಯಲ್ಲ ಎಂದು ನಡುಗಿದವರು ಕುರ್ಚಿರಾಯರೊಬ್ಬರೇ. ರಾಯರು ಎಂದ ಕೂಡಲೇ ದೊಡ್ಡ ಪದವಿಯವರೆಂದು ತಿಳಿಯಬೇಡಿ. ಹರಿದ ಬೆತ್ತದ ಕುರ್ಚಿಗಳನ್ನು ಮನೆಯಲ್ಲೇ ಕೂತು ಹೆಣೆದುಕೊಡುತ್ತಿದ್ದುದರಿಂದ ಬೀದಿಯವರು ಇಟ್ಟ ಹೆಸರು ಅದು. (ಕೂತು ಎಂದೆನಲ್ಲ, ಅವರಿಗೆ ಬೇರೆ ದಾರಿಯೂ ಇರಲಿಲ್ಲ. ಲಾರಿಯೊಂದು ಗುದ್ದಿ ಹೋದಂದಿನಿಂದ ಸೊಂಟದ ಕೆಳಗಿನ ಭಾಗ ಅವರ ಮಾತು ಕೇಳುತ್ತಿರಲಿಲ್ಲ. ಮೇಲಿನ ಭಾಗ ಹೆಂಡತಿಯ ಮಾತು ಕೇಳುತ್ತಿತ್ತು.)

ಅಂಗವಿಕಲರ ಮಾಸಾಶನದಿಂದ ಬಾಡಿಗೆ ನಡೆಯುತ್ತಿತ್ತು, ಹೆಣಿಗೆಯಿಂದ ಅಡುಗೆಮನೆ. ಮಾಸಾಶನ ನಿಂತರೆ ಬಾಡಿಗೆ ನಿಲ್ಲುತ್ತದೆ, ಬಾಡಿಗೆ ನಿಂತರೆ ಮಾಲೀಕ ಬಂದು ಬಾಗಿಲಲ್ಲಿ ನಿಲ್ಲುತ್ತಾನೆ. ನಿಲ್ಲಲಾರದವರು ರಾಯರೊಬ್ಬರೇ.

ಹೀಗಿರುವಾಗ ಕಚೇರಿಯಿಂದ ಫೋನು ಬಂತು. ನಾಳೆ ಅಧಿಕಾರಿ ಮನೆಗೆ ಬಂದು ನೋಡುತ್ತಾರಂತೆ. ಏನು ನೋಡುತ್ತಾರೆಂದು ಫೋನು ಹೇಳಲಿಲ್ಲ, ಬೀದಿ ಹೇಳಿತು. ಹಿಂದಿನ ಬೀದಿಯ ಕಣ್ಣಿಲ್ಲದ ರೇಡಿಯೋ ರಿಪೇರಿಯವನು ಅಧಿಕಾರಿ ಬಂದಾಗ ತಾನೇ ಎದ್ದು ಬಾಗಿಲು ತೆಗೆದನಂತೆ. ಬಾಗಿಲು ಕಾಣಿಸುತ್ತದಲ್ಲ ಎಂದು ಅವನ ಸಹಾಯಧನ ನಿಲ್ಲಿಸಿದರಂತೆ. ಈಗ ಒಬ್ಬನೇ ಕಚೇರಿಗೆ ಹೋದರೆ ಕಣ್ಣಿದೆ ಎನ್ನುತ್ತಾರೆ, ಜೊತೆಗೆ ಯಾರನ್ನಾದರೂ ಕರೆದೊಯ್ದರೆ ನೋಡಿಕೊಳ್ಳುವವರಿದ್ದಾರಲ್ಲ ಎನ್ನುತ್ತಾರೆ. ಇದನ್ನು ಕೇಳಿ ರಾಯರ ಎದೆಯಲ್ಲಿ ಅವಲಕ್ಕಿ ಕುಟ್ಟಿದಂತಾಯಿತು.

“ರೀ, ನಾಳೆ ಒಂದು ಕುರ್ಚಿಯೂ ಕಣ್ಣಿಗೆ ಬೀಳಬಾರದು,” ಎಂದಳು ಹೆಂಡತಿ. “ಕಂಡರೆ ದುಡಿಮೆ ಇದೆಯಲ್ಲ ಅಂತಾರೆ. ಎಲ್ಲಾ ಒಳಕೋಣೆಗೆ ತುಂಬಿ ಪರದೆ ಎಳೀತೀನಿ.”

“ಹೆಣೆಯೋದು ತಪ್ಪಾ? ಒಂದು ಮಾತು ಕೇಳೋಣ ಕಣೇ.”

“ಕೇಳೋಕೆ ಹೋದರೆ ಕೇಳಿದ್ದೇ ತಪ್ಪಾಗುತ್ತೆ. ನೀವು ಬಾಯಿ ಬಿಡಬಾರದು, ಕೈ ಆಡಿಸಬಾರದು. ಆ ತೋಳು ನೋಡಿದರೆ ಕುಸ್ತಿಗೆ ಕರೀತಾರೆ. ಶಾಲು ಹೊದ್ದು ಸುಮ್ಮನೆ ಕೂತಿರಿ.”

“ನನ್ನ ಹೆಸರು ಕೇಳಿದರೆ?”

“ನಾನು ಹೇಳ್ತೀನಿ.”

(ಮದುವೆಯಾದಂದಿನಿಂದ ಇದೇ ಪದ್ಧತಿ, ಹೊಸದೇನಲ್ಲ.)

ಕುರ್ಚಿ ಸಾಗಿಸಲು ಅವಳ ತಮ್ಮನನ್ನು ಕರೆಸಲಾಯಿತು. ಈ ಭಾಮೈದ ಊಟದ ಹೊತ್ತಿಗೆ ಹಾಜರು, ಕೆಲಸದ ಹೊತ್ತಿಗೆ ಪರಾರಿ. ಇಲ್ಲಿನ ಕಡ್ಡಿಯನ್ನು ಅಲ್ಲಿಗೆ ಎತ್ತಿಡದ ಆಸಾಮಿ. ಒಂದು ಕುರ್ಚಿ ಹೊತ್ತು ಸೊಂಟ ಹಿಡಿಯಿತೆಂದು ಮಲಗಿದ. ಉಳಿದವನ್ನೆಲ್ಲ ಅಕ್ಕನೇ ಹೊತ್ತು ಪರದೆಯ ಹಿಂದೆ ಸೂರಿನವರೆಗೆ ಪೇರಿಸಿದಳು. ಸ್ಟೂಲನ್ನೂ ಬಿಡಲಿಲ್ಲ.

ಮರುದಿನ ಅಧಿಕಾರಿ ಬಂದರು. ದಪ್ಪನೆಯ ಹೆಂಗಸು, ಕುಂಟುತ್ತ ಏದುಸಿರು ಬಿಡುತ್ತಿದ್ದರು.

“ಮೊದಲು ಒಂದು ಕುರ್ಚಿ ಕೊಡಿ. ಮೊಣಕಾಲು ನೋವು, ನೆಲದ ಮೇಲೆ ಕೂತರೆ ಏಳೋಕಾಗಲ್ಲ.”

ಹೆಂಡತಿ ತಮ್ಮನ ಮುಖ ನೋಡಿದಳು, ತಮ್ಮ ಸೂರು ನೋಡಿದ. ಕುರ್ಚಿರಾಯರ ಮನೆಯಲ್ಲಿ ಕೂರಲು ಕುರ್ಚಿಯಿಲ್ಲ. ಇದ್ದದ್ದೊಂದೇ, ರಾಯರ ಅಡಿಯಲ್ಲಿದ್ದ ಗಾಲಿಕುರ್ಚಿ. ಬಂದವರನ್ನು ನಿಲ್ಲಿಸಿ ಮಾತಾಡಿಸುವುದು ಹೆಂಡತಿಯ ಜಾಯಮಾನಕ್ಕೆ ಒಗ್ಗದು. ಅಕ್ಕ ತಮ್ಮ ಸೇರಿ ರಾಯರನ್ನು ಎತ್ತಿ ಚಾಪೆಯ ಮೇಲಿಟ್ಟರು. ಅಧಿಕಾರಿ ಸಂಕೋಚದಿಂದಲೇ ಗಾಲಿಕುರ್ಚಿಯಲ್ಲಿ ಕೂತು, ಹಾಯೆಂದು ಕಾಲು ಚಾಚಿದರು.

ಆ ಗಾಲಿಕುರ್ಚಿಗೆ ಬ್ರೇಕಿರಲಿಲ್ಲ. ಸರಿಮಾಡಿಸಿ ಕೊಡಿ ಎಂದು ರಾಯರು ಅದೇ ಕಚೇರಿಗೆ ಅರ್ಜಿ ಹಾಕಿದ್ದರು. ಅರ್ಜಿಗೆ ಮಾತ್ರ ಗಟ್ಟಿಯಾದ ಬ್ರೇಕು ಬಿದ್ದಿತ್ತು. ಗಾಲಿಗೆ ಒಂದು ಬೆತ್ತದ ತುಂಡನ್ನು ಅಡ್ಡ ಕೊಟ್ಟು ಅವರು ಕಾಲ ತಳ್ಳುತ್ತಿದ್ದರು. ರಾಯರನ್ನು ಇಳಿಸುವ ಗಡಿಬಿಡಿಯಲ್ಲಿ ಆ ತುಂಡು ಸರಿದುಹೋಗಿತ್ತು. ಮಾಲೀಕ ನೆಲಕ್ಕೆ ಒಳಕೋಣೆಯ ಕಡೆ ಇಳಿಜಾರಾಗಿ ವಾಟ ಕೊಟ್ಟಿದ್ದ, ಯಾಕೆಂದು ಅವನನ್ನೇ ಕೇಳಬೇಕು.

ಅಕ್ಕ ಕಾಫಿಗೆ ಅಡುಗೆಮನೆ ಸೇರಿದ್ದಳು, ತಮ್ಮ ಕಿಟಕಿಯಾಚೆ ನೋಡುತ್ತಿದ್ದ. ಅಧಿಕಾರಿ ತಲೆತಗ್ಗಿಸಿ ಬರೆಯುತ್ತಿದ್ದಂತೆ ಗಾಲಿಗಳು ಮೆಲ್ಲಗೆ ಹಿಂದಕ್ಕೆ ಉರುಳಿದವು. ನೋಡಿದವರು ರಾಯರೊಬ್ಬರೇ. ಗಾಲಿ ಅವರ ಮೂಗಿನ ಮುಂದೆಯೇ ಹೋಯಿತು. ಕೈ ಚಾಚಿ ಹಿಡಿದರೆ ತೋಳಿನ ಬಲ ಬಯಲಾಗುತ್ತದೆ, ಕೂಗಿದರೆ ಬಾಯಿ ಬಿಟ್ಟಂತಾಗುತ್ತದೆ. ಮಾಸಾಶನ, ಬಾಡಿಗೆ, ಮಾಲೀಕ, ಬೀದಿ ಎಲ್ಲವೂ ಕಣ್ಣ ಮುಂದೆ ಸುಳಿದವು. ಶಾಲಿನೊಳಗೆ ಒಂದು ಕೈಯನ್ನು ಇನ್ನೊಂದು ಕೈಯಿಂದ ಬಿಗಿಯಾಗಿ ಹಿಡಿದುಕೊಂಡು ಕೂತರು.

ಅಧಿಕಾರಿ ಪರದೆಯೊಳಗೆ ಮಾಯವಾದರು. ಸೂರಿನವರೆಗೆ ಪೇರಿಸಿದ್ದೆಲ್ಲ ದಬದಬನೆ ಉರುಳಿತು.

ಪುಣ್ಯಕ್ಕೆ ಪೆಟ್ಟಾಗಿರಲಿಲ್ಲ. ಕುರ್ಚಿಗಳ ನಡುವಿನಿಂದ ಅವರನ್ನು ಎಳೆದು ಕೂರಿಸಿದ ಮೇಲೆ ಅವರು ಮೊದಲು ಕೇಳಿದ್ದು ರಾಯರನ್ನೇ.

“ನಾನು ಜಾರ್ತಾ ಇದ್ದದ್ದು ನಿಮಗೆ ಕಾಣಿಸಲಿಲ್ವಾ? ಕೈ ಚಾಚಿದ್ದರೆ ಸಿಗ್ತಿತ್ತಲ್ಲ?”

ರಾಯರು ಹೆಂಡತಿಯ ಮುಖ ನೋಡಿದರು. ಅವಳು ಇಲ್ಲವೆಂದು ತಲೆಯಾಡಿಸಿದಳು. ಅವರೂ ಆಡಿಸಿದರು.

ಅಧಿಕಾರಿಯ ದನಿ ಮೆತ್ತಗಾಯಿತು. “ಪಾಪ, ಇವರಿಗೆ ತಿಳುವಳಿಕೆಯೂ ಇಲ್ಲ.”

ಲಾರಿ ಗುದ್ದಿದಾಗಲೂ ರಾಯರಿಗೆ ಇಷ್ಟು ನೋವಾಗಿರಲಿಲ್ಲ.

“ಈ ಕುರ್ಚಿಗಳು ಯಾರವಮ್ಮ?”

“ನನ್ನ ತಮ್ಮನವು ಮೇಡಂ. ಅವನೇ ಹೆಣೀತಾನೆ,” ಎಂದಳು ಹೆಂಡತಿ ಹೆದರಿಕೆಯಲ್ಲಿ.

“ಎಂಥ ಕೈಕೆಲಸ,” ಎಂದು ಅಧಿಕಾರಿ ಹೆಣಿಗೆ ಸವರಿದರು. ಭಾಮೈದ ವಿನಯದಿಂದ ಬಾಗಿ, “ಏನೋ ಮೇಡಂ, ಅಭ್ಯಾಸ,” ಎಂದ.

“ಮಾಸಾಶನ ಮುಂದುವರಿಯುತ್ತೆ, ಹೆದರಬೇಡಿ. ಆದರೆ ತಿಳುವಳಿಕೆ ಇಲ್ಲದವರ ಕೈಗೆ ದುಡ್ಡು ಕೊಡೋ ಹಾಗಿಲ್ಲ. ದುಡಿಮೆ ಇರೋ ಪೋಷಕರು ಬೇಕು. ಇನ್ನು ಮೇಲೆ ನಿಮ್ಮ ತಮ್ಮನ ಖಾತೆಗೆ ಬರುತ್ತೆ.”

ರಾಯರ ತಾಳ್ಮೆಯ ಕಟ್ಟೆ ಒಡೆಯಿತು. “ಮೇಡಂ, ನನಗೆ ಬುದ್ಧಿ ಇದೆ. ಅವನ್ನೆಲ್ಲ ಹೆಣೆದವನು ನಾನು.”

ಅಧಿಕಾರಿ ಹೆಂಡತಿಯ ಹೆಗಲ ಮೇಲೆ ಕೈಯಿಟ್ಟರು. “ಆಗಾಗ ಹೀಗೆ ಮಾತಾಡ್ತಾರಾ? ನಮ್ಮಲ್ಲಿ ಎಷ್ಟೋ ಜನ ಮನೆಯಲ್ಲಿ ಕೂತೇ ದುಡೀತಾರಮ್ಮ, ಅದಕ್ಕೇನೂ ಅಡ್ಡಿಯಿಲ್ಲ. ಇವರಿಗೆ ಆ ಭಾಗ್ಯ ಇಲ್ಲ. ತಕರಾರಿದ್ದರೆ ಇವರೇ ಖುದ್ದಾಗಿ ಕಚೇರಿಗೆ ಬಂದು ಹೇಳಬೇಕು. ಮೂರನೇ ಮಹಡಿ. ಲಿಫ್ಟು ಕೆಟ್ಟಿದೆ, ನನ್ನ ಮೊಣಕಾಲು ಹೋಗಿರೋದೂ ಅದರಿಂದಲೇ.”

ಅವರು ಹೋದ ಮೇಲೆ ರಾಯರು ಶಾಲು ಕಿತ್ತೆಸೆದರು. “ಹೋಗ್ತೀನಿ. ಕೈಯೂರಿ ತೆವಳಿಕೊಂಡಾದರೂ ಆ ಮಹಡಿ ಹತ್ತುತ್ತೀನಿ.”

“ಹತ್ತಿದರೆ, ಮೂರು ಮಹಡಿ ಹತ್ತೋನಿಗೆ ಮಾಸಾಶನ ಯಾಕೆ ಅಂತಾರೆ ರೀ,” ಎಂದಳು ಹೆಂಡತಿ.

ಅಷ್ಟರಲ್ಲಿ ಭಾಮೈದ ಉರುಳಿದ ಕುರ್ಚಿಗಳಲ್ಲಿ ಒಳ್ಳೆಯದೊಂದನ್ನು ಆರಿಸಿ ಕೂತಿದ್ದ. ಅತ್ತಿತ್ತ ಹೊರಳಿ, ಅಡಿಗೆ ಬೆರಳು ಹಾಕಿ ಪರೀಕ್ಷಿಸಿದ.

“ಭಾವ, ಇಲ್ಲೊಂದು ಎಳೆ ಸಡಿಲ ಆಗಿದೆ. ಸ್ವಲ್ಪ ನೋಡಿ ಬಿಗಿ ಮಾಡಿ. ನನ್ನ ಹೆಸರು ಕೆಡಬಾರದು.”